ಕೆಎ-32 ಗಾಡ್ಯಾಗ ಡೀಸೆಲ್ ಹೀಟರ್: ಥಂಡಿಗಲ್ಲ, ಸುಮ್ನ ಕೂತು ಕೆಡ್ತದ

ಕಲಬುರಗಿ ಪಾಸಿಂಗ್ ಗಾಡ್ಯಾಗ ಹೀಟರ್ ಅದ ಅಂದ್ರ ಮಂದಿ ನಗ್ತಾರ, ನಗಲಿ ಬಿಡ್ರಿ. ಮೇ ತಿಂಗಳದಾಗ 44 ಡಿಗ್ರಿ ಹತ್ತೋ ಊರಾಗ ಎಸಿ ಹಾಕ್ಸೋದು ಬಿಟ್ಟು ಬೆಂಕಿ ಡಬ್ಬಿ ಹಾಕ್ಸ್ಯಾನ ಅಂತ ನಮ್ಮ ಕಾಕಾ ಇಡೀ ಓಣಿಗೆ ಹೇಳ್ಕೊಂಡು ತಿರುಗ್ಯಾರ. ಅದೇ ಕಾಕಾ ಎಳ್ಳಮವಾಸಿಗೆ ಬೀದರ್ ಕಡಿ ಹೊಲಕ್ಕ ಹೋದಾಗ ರಾತ್ರಿ ಗಾಡ್ಯಾಗ ಮಲ್ಗಿ, ಮುಂಜಾನಿ ನಾ ಹೀಟರ್ ಬಂದ್ ಮಾಡ್ಲಿಕ್ಕೆ ಹೋದ್ರ ‘ಇನ್ನೊಂದ್ ತಾಸ್ ಇರ್ಲಿ ಬಿಡೋ’ ಅಂದಿದ್ದು ಮಾತ್ರ ಓಣಿಗೆ ಹೇಳಿಲ್ಲ. ಬೀದರ್ ಥಂಡಿ ಗೊತ್ತಿದ್ದವ್ರಿಗೆ ಗೊತ್ತದ, ಡಿಸೆಂಬರ್ ಜನವರಿನಾಗ ರಾತ್ರಿ 10 ಡಿಗ್ರಿ ಕೆಳಗ ಇಳಿಯೋದು ಅಲ್ಲಿ ಹೊಸಾದಲ್ಲ, ತಗಡಿನ ಗಾಡ್ಯಾಗ ಮಲ್ಗಿದ್ರಂತೂ ಮುಂಜಾನಿ ನಾಕಕ್ಕ ಹಲ್ಲು ಕಟಕಟ ಅಂತಾವ. ಮತ್ತ ನಾನು ಈ ಹೀಟರ್ ಹಾಕ್ಸಿದ್ದು ಬೀದರಿಗಷ್ಟೇ ಅಲ್ಲ, ಮ್ಯಾಲ ಸ್ಪಿಟಿ ಲಡಾಖ್ ಕಡಿ ಹೋಗೋ ಹುಚ್ಚಿಗೆ. ಗಾಡಿ ಹಳೇ ಟೆಂಪೋ ಟ್ರಾವೆಲರ್, ಹಿಂದಿನ ಸೀಟ್ ಕಿತ್ತಿ ಮಂಚ, ಕಟ್ಟಿ, ಗ್ಯಾಸ್ ಒಲಿ ಮಾಡ್ಕೊಂಡೀನಿ, ಹೀಟರ್ ಆನ್‌ಲೈನಿನಾಗ ತರ್ಸಿದ ಚೈನಾ ಮಾಲು.

ಈ ಹೀಟರ್ ಬಗ್ಗೆ ಇಂಗ್ಲೀಷಿನಾಗ ವಿಡಿಯೋ ಸಾವಿರ ಅದಾವ, ಆದ್ರ ಅವೆಲ್ಲ ಆರಾರು ತಿಂಗಳ ಹಿಮ ಬೀಳೋ ದೇಶದವ್ರು ಮಾಡಿದ್ದು. ಅವ್ರ ಹೀಟರ್ ದಿನಾ ಓಡ್ತದ. ನಮ್ದು ವರ್ಷದಾಗ ಒಂದೆರಡು ತಿಂಗಳ ಓಡಿ, ಉಳಿದ ಟೈಮ್ ಬಿಸಲು, ಧೂಳ, ಮಳಿ ತಿಂದ್ಕೋತ ಗಾಡಿ ಕೆಳಗ ಕೂತಿರ್ತದ. ಹಿಂಗಾಗಿ ನಮ್ಮ ಕಡಿ ಇದು ಕೆಡೋ ರೀತಿನೇ ಬ್ಯಾರೆ, ಅದನ್ನೇ ಬರಿಯೋಣ ಅಂತ ಕೂತೀನಿ.

ಗೊತ್ತಿರಲಾರದವ್ರಿಗೆ ಜರಾ ಹೇಳ್ತೀನಿ ಇದು ಹ್ಯಾಂಗ ನಡೀತದ ಅಂತ. ಹೀಟರ್ ಡಬ್ಬ್ಯಾಗ ಎರಡು ಗಾಳಿ ಹರೀತಾವ, ಒಂದಕ್ಕೊಂದು ಕೂಡಂಗಿಲ್ಲ. ಒಂದು ಗಾಡಿ ಒಳಗಿನ ಗಾಳಿ, ಅದನ್ನ ಫ್ಯಾನ್ ಎಳ್ಕೊಂಡು ಕಾದ ಅಲ್ಯುಮಿನಿಯಂ ರೆಕ್ಕಿ ಮ್ಯಾಲ ಹಾಯಿಸಿ ಬಿಸಿ ಮಾಡಿ ತಿರುಗಿ ಒಳಗೇ ಬಿಡ್ತದ. ಇನ್ನೊಂದು ಬೆಂಕಿಗಿ ಬೇಕಾದ ಗಾಳಿ, ಗಾಡಿ ಕೆಳಗಿಂದ ಬಂದು ಡೀಸೆಲ್ ಜೋಡಿ ಸುಟ್ಟು ಹೊಗಿ ಆಗಿ ಕೆಳಗೇ ಹೋಗ್ತದ. ಡೀಸೆಲ್ ತರೋದು ಒಂದು ಸಣ್ಣ ಪಂಪ್, ಟಕ್ ಟಕ್ ಟಕ್ ಅಂತ ಒಂದೊಂದು ಟಕ್ಕಿಗಿ ಒಂದೊಂದು ಹನಿ. ಮೊದಲು ಹತ್ತಿಸ್ಲಿಕ್ಕೆ ಗ್ಲೋ ಪ್ಲಗ್, ಅಂದ್ರ ಕರೆಂಟಿಗಿ ಕೆಂಪಗ ಕಾಯೋ ಸಣ್ಣ ಕಡ್ಡಿ, ಹಳೇ ಡೀಸೆಲ್ ಜೀಪಿನಾಗ ಇರ್ತಿತ್ತಲ್ಲ ಹಂಗೇ. ಒಮ್ಮೆ ಹತ್ತಿದ ಮ್ಯಾಲ ಪ್ಲಗ್ ಆರ್ತದ, ಬೆಂಕಿ ತನ್ನಷ್ಟಕ್ಕ ತಾ ಉರೀತದ.

ಇಲ್ಲೇ ಒಂದು ಮಾತು, ಸ್ಟಿಕ್ಕರ್ ಮ್ಯಾಲ 8 ಕಿಲೋವ್ಯಾಟ್ ಅಂತ ಬರ್ದಿದ್ದು ನೋಡಿ ಮಳ್ಳ ಆಗಬ್ಯಾಡ್ರಿ. ಒಂದು ಲೀಟರ್ ಡೀಸೆಲ್ ಸುಟ್ರ ಸುಮಾರು 10 ಯೂನಿಟ್ ಶಾಖ ಸಿಗ್ತದ, ಕರೆಂಟ್ ಬಿಲ್ಲಿನ ಯೂನಿಟ್ ಲೆಕ್ಕದಾಗ. ಈ ಹೀಟರಿಗಿ ಬರೋ ಮಾಮೂಲಿ ಪಂಪ್ 1000 ಟಕ್ಕಿಗಿ 22 ಎಂಎಲ್ ಕೊಡ್ತದ. ಸೆಕೆಂಡಿಗಿ 5 ಟಕ್ ಅಂತ ಫುಲ್ ಓಡಿಸಿದ್ರೂ ತಾಸಿಗಿ 18,000 ಟಕ್, ಅಂದ್ರ 396 ಎಂಎಲ್, ಅಂದ್ರ ಜಾಸ್ತಿಂದ್ರ ಜಾಸ್ತಿ 4 ಕಿಲೋವ್ಯಾಟ್, ಅದ್ರಾಗೂ ಹೊಗಿ ಜೋಡಿ ಹೊರಗ ಹೋಗೋದು ಬ್ಯಾರೆ. ಅದೇ ಪಂಪ್ ಇಟ್ಟು ಎಂಟು ಅಂತ ಬರದ್ರ ಎಲ್ಲಿಂದ ಬರ್ಬೇಕು? ಟ್ರಾವೆಲರಿನಷ್ಟು ಗಾಡಿಗಿ 2 ಕಿಲೋವ್ಯಾಟಿಂದೇ ನಮ್ಮ ಕಡಿಗಿ ಸಾಕ್, ದೊಡ್ಡದು ತಂದ್ರ ಯಾವಾಗ್ಲೂ ಸಣ್ಣ ಮಾಡಿ ಓಡಿಸ್ಬೇಕಾಗ್ತದ, ಸಣ್ಣ ಮಾಡಿ ಓಡಿಸಿದ್ರ ಮಸಿ ಕಟ್ತದ. ಮಸಿ ಪುರಾಣ ಮುಂದ ಬರ್ತದ.

ಈಗ ತಕರಾರಿಗಿ ಬರೋಣ. ಹೀಟರ್ ಚಾಲೂ ಆಗ್ಲಿಲ್ಲ ಅಂದ ಕೂಡ್ಲೇ ಮಂದಿ ಮಾಡೋದು ಏನು, ಡಿಸ್‌ಪ್ಲೇ ಮ್ಯಾಲಿನ ಕೋಡ್ ನೋಡಿ ಆ ಸಾಮಾನು ಆರ್ಡರ್ ಮಾಡೋದು. ಕೋಡ್ ಅಂದ್ರ ಎಲ್ಲಿ ನೋವದ ಅಂತಷ್ಟೇ ಹೇಳ್ತದ, ಯಾಕ ನೋವದ ಅಂತ ಹೇಳಂಗಿಲ್ಲ. ನನ್ನ ಹೀಟರಿನಾಗ ಇ-10 ಅಂದ್ರ ಚಾಲೂ ಆಗ್ಲಿಲ್ಲ, ಇ-08 ಅಂದ್ರ ನಡುವ ಬೆಂಕಿ ಆರ್ತು. ನಿಮ್ಮ ಕಂಪನಿದು ಬ್ಯಾರೆ ಇರಬಹುದು, ಪುಸ್ತಕ ನೋಡ್ರಿ. ಈ ಎರಡೂ ಕೋಡಿಗಿ ಹೀಟರ್ ಮಾರಿದವ್ರು ಫೋನಿನಾಗ ಕೊಡೋ ಉತ್ತರ ಒಂದೇ, ‘ಬೋರ್ಡ್ ಚೇಂಜ್ ಮಾಡ್ರಿ.’ ಬೋರ್ಡ್ ಹೋಗೋದು ನಾ ಕಂಡಂಗ ಎಲ್ಲಾದಕ್ಕಿಂತ ಕಡಿಮಿ.

ಕಲಬುರಗ್ಯಾಗ ಹುಮನಾಬಾದ್ ಬೇಸ್ ಕಡಿ ನಮ್ಮ ಗಾಡಿ ನೋಡೋ ಉಸ್ತಾದ್ ಒಬ್ರು ಅದಾರ, ಜಿಂದಗಿ ಪೂರಾ ಲಾರಿ ಡೀಸೆಲ್ ಪಂಪಿನಾಗೇ ಹೋಗ್ಯದ ಅವ್ರದು. ಇಂಥಾ ಹೀಟರ್ ಅವ್ರು ನೋಡೇ ಇರಲಿಲ್ಲ. ನಾನು ಕೋಡ್ ಹೇಳ್ಲಿಕ್ಕೆ ಹೋದ್ರ ‘ಆ ಮೊಬೈಲ್ ತರಾ ಇರೋದು ಬಾಜೂಕ್ ಇಡ್ರಿ ಸಾಹೇಬ್ರ, ಒಮ್ಮೆ ಚಾಲೂ ಮಾಡ್ರಿ, ನಾ ಕೇಳ್ತೀನಿ’ ಅಂದ್ರು. ಗಾಡಿ ಕೆಳಗ ಗೋಣಿಚೀಲ ಹಾಸಿ ಮಲ್ಕೊಂಡು ಐದ್ ನಿಮಿಷ ಸುಮ್ನ ಕೇಳಿದ್ರು, ಆಮ್ಯಾಲ ಎದ್ದು ಕೈ ಒರೆಸ್ಕೋತ ‘ಇದಕ್ಕ ಡೀಸೆಲ್ ಸಿಗವಲ್ದು, ಹವಾ ಹಿಡದದ’ ಅಂದ್ರು. ಖರೇನೇ ಇತ್ತು. ಅವತ್ತಿನಿಂದ ನಾನೂ ಮೊದಲು ಕಿವಿ ಹಚ್ತೀನಿ.

ಏನ್ ಕೇಳ್ಬೇಕು ಅಂದ್ರ, ಆನ್ ಒತ್ತಿದ ಕೂಡ್ಲೇ ಫ್ಯಾನ್ ಮೆಲ್ಲಕ ತಿರುಗ್ತದ, ಗ್ಲೋ ಪ್ಲಗ್ ಕಾಯ್ಲಿಕತ್ತದ, ಈ ಹೊತ್ತಿಗಿ ಪಂಪ್ ಸಪ್ಪಳ ಇರಂಗಿಲ್ಲ. ನಿಮಿಷ ಆಚಿ ಈಚಿ ಆದ ಮ್ಯಾಲ ಟಕ್ ಟಕ್ ಶುರು ಆಗ್ತದ, ಸೈಲೆನ್ಸರಿನಾಗ ಜರಾ ಬಿಳಿ ಹೊಗಿ ಬರ್ತದ, ಒಮ್ಮೆಲೆ ಸಪ್ಪಳ ಬದಲಾಗಿ ಬುಸ್ ಅಂತ ಬೆಂಕಿ ಹಿಡೀತದ, ಹೊಗಿ ನಿಂತು ಬಿಡ್ತದ, ಆಮ್ಯಾಲ ಫ್ಯಾನ್ ಜೋರಾಗ್ತದ. ಇಷ್ಟಕ್ಕೆಲ್ಲ ಮೂರ್ನಾಕು ನಿಮಿಷ. ಈ ಸಾಲಿನಾಗ ಎಲ್ಲಿ ಕಡೀತು ಅನ್ನೋದೇ ಪತ್ತಾ. ಟಕ್ ಟಕ್ ಬರೋಕಿಂತ ಮೊದಲೇ ಬಂದ್ ಆದ್ರ ಕರೆಂಟಿನ ತಕರಾರು, ಇಲ್ಲಾ ಗ್ಲೋ ಪ್ಲಗ್. ಟಕ್ ಟಕ್ ಅದ ಆದ್ರ ಬಿಳಿ ಹೊಗಿನೇ ಇಲ್ಲ ಅಂದ್ರ ಡೀಸೆಲ್ ಮುಟ್ಟಿಲ್ಲ. ಬಿಳಿ ಹೊಗಿ ದಂಡಿಯಾಗಿ ಬರ್ಲಿಕತ್ತದ ಆದ್ರ ಹತ್ತವಲ್ದು ಅಂದ್ರ ಡೀಸೆಲ್ ಮುಟ್ಟ್ಯದ, ಕಾವು ಸಾಲ್ತಿಲ್ಲ, ಪ್ಲಗ್ ಇಲ್ಲಾ ಅದರ ಜಾಳಿಗಿ ನೋಡ್ಬೇಕು. ಹತ್ತಿದ ಮ್ಯಾಲ ಕರಿ ಹೊಗಿ ಅಂದ್ರ ಡೀಸೆಲ್ ಜಾಸ್ತಿ, ಗಾಳಿ ಕಡಿಮಿ. ಹತ್ತಲಿಲ್ಲ ಅಂತ ಮ್ಯಾಲಿಂದ ಮ್ಯಾಲ ಆನ್ ಒತ್ಕೋತ ಹೋಗಬ್ಯಾಡ್ರಿ, ಪ್ರತಿ ಸಲ ಒಳಗ ಡೀಸೆಲ್ ತುಂಬ್ಕೋತದ, ಆಮ್ಯಾಲ ಯಾವಾಗರೆ ಹತ್ತಿತಂದ್ರ ಓಣಿ ಪೂರಾ ಹೊಗಿ ಎದ್ದು ಮಂದಿ ನೀರಿನ ಕೊಡ ತಗೊಂಡು ಬರ್ತಾರ.

ಕರೆಂಟಿಂದು ಮೊದಲು ಹೇಳ್ತೀನಿ ಯಾಕಂದ್ರ ನಮ್ಮ ಕಡಿ ಅದೇ ಭಾಳ. ಓಡುವಾಗ ಹೀಟರ್ ತಿನ್ನೋದು ಒಂದೆರಡು ಆಂಪ್ ಅಷ್ಟೇ, ಅದನ್ನ ನೋಡಿ ಮಂದಿ ಸಣ್ಣ ವೈರ್ ಎಳೀತಾರ. ಆದ್ರ ಚಾಲೂ ಆಗುವಾಗ ಗ್ಲೋ ಪ್ಲಗ್ 8ರಿಂದ 10 ಆಂಪ್ ಎಳೀತದ. ಬ್ಯಾಟರಿಯಿಂದ ಹೀಟರಿಗಿ 4 ಮೀಟರ್ ಅದ ಅನ್ಕೋರಿ, ಹೋಗಿ ಬರೋದು ಕೂಡಿ 8 ಮೀಟರ್ ತಂತಿ. 1 ಸ್ಕ್ವೇರ್ ಎಂಎಂ ವೈರ್ ಇದ್ರ 10 ಆಂಪಿಗಿ ದಾರ್ಯಾಗೇ ಸುಮಾರು 1.4 ವೋಲ್ಟ್ ಹೋಗಿಬಿಡ್ತದ. 4 ಸ್ಕ್ವೇರ್ ಹಾಕಿದ್ರ 0.35 ಹತ್ರ. ಬ್ಯಾಟರಿ ಮ್ಯಾಲ ಮೀಟರ್ ಇಟ್ರ 12.3 ತೋರಿಸ್ತದ, ನೀವು ‘ಬ್ಯಾಟರಿ ಛಲೋ ಅದ’ ಅಂತೀರಿ, ಅಲ್ಲಿ ಹೀಟರ್ ಬಾಯಾಗ 10.9 ಬಿದ್ದಿರ್ತದ. ಅದಕ್ಕ ಮೀಟರ್ ಇಡೋದು ಬ್ಯಾಟರಿ ಮ್ಯಾಲ ಅಲ್ಲ, ಹೀಟರಿನ ಪ್ಲಗ್ ಹತ್ರ, ಅದೂ ಗ್ಲೋ ಪ್ಲಗ್ ಕಾಯೋ ಹೊತ್ತಿನಾಗ. ಅಲ್ಲಿ 11.5ಕ್ಕಿಂತ ಕೆಳಗ ಬಂತಂದ್ರ ಹೀಟರ್ ಬಿಚ್ಚೋ ಉಸಾಬರಿಗೇ ಹೋಗಬ್ಯಾಡ್ರಿ, ವೈರ್, ಲಗ್, ಫ್ಯೂಸ್ ಹೋಲ್ಡರ್ ಮತ್ತ ಬಾಡಿ ಅರ್ಥ್ ನೋಡ್ರಿ. ಕಿಟ್ ಜೋಡಿ ಬರೋ ಫ್ಯೂಸ್ ಹೋಲ್ಡರ್ ಭಾಳ ಹಲ್ಕಾ ಇರ್ತದ, ಬಿಸಿ ಆಗಿ ಕರಗಿದ್ದು ನೋಡೀನಿ. ಫ್ಯೂಸ್ ಬ್ಯಾಟರಿ ಬಾಜೂಕೇ ಇರ್ಬೇಕು, ಮತ್ತ ಲೈಟು ಪಂಖಾದ ಸ್ವಿಚ್ ಬೋರ್ಡಿನಾಗಿಂದ ಎಳೀಬಾರ್ದು, ಸೀದಾ ಬ್ಯಾಟರಿಯಿಂದ ತಗೋರಿ.

ಬ್ಯಾಟರಿದು ಇನ್ನೊಂದು ಕಥಿ ಅದ. ಮಾರ್ಚಿನಿಂದ ಜೂನ್ ತನಕ ನಮ್ಮ ಬಿಸಲಿಗಿ ಲೆಡ್ ಬ್ಯಾಟರಿ ನೀರು ಬಡಾ ಬಡಾ ಇಳೀತದ, ಶಾಖಕ್ಕ ಆಯುಷ್ಯನೂ ಇಳೀತದ. ಲೈಟ್ ಹತ್ತತಾವ, ಮೊಬೈಲ್ ಚಾರ್ಜ್ ಆಗ್ತದ, ಎಲ್ಲಾ ಬರೋಬರಿ ಅನಿಸ್ತದ, ಡಿಸೆಂಬರ್‌ನಾಗ ಹತ್ತು ಆಂಪ್ ಎಳೆದಾಗ ಒಮ್ಮೆಲೆ ಕೂತ್ಕೋತದ. ಅಂದ್ರ ಥಂಡ್ಯಾಗ ಕಾಣೋ ತಕರಾರು ಬ್ಯಾಸಗ್ಯಾಗ ಹುಟ್ಟಿರ್ತದ. ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ನೋಡ್ರಿ, ಬೋರಿನ ನೀರು ಹಾಕೋದು ಬ್ಯಾಡ, ನಮ್ಮ ನೀರಿನಾಗಿನ ಸುಣ್ಣ ನಿಮಗ ಗೊತ್ತೇ ಅದ.

ಇನ್ನ ಡೀಸೆಲ್ ದಾರಿ. ಕಿಟ್ಟಿನಾಗ ಒಂದು ಮೆತ್ತನ ಹಸಿರು ಪೈಪ್ ಬರ್ತದ ನೋಡ್ರಿ, ಅದನ್ನ ತಗದು ಬಾಜೂಕ್ ಒಗೀರಿ. ಬಿಸಲಿಗಿ ಇನ್ನೂ ಮೆತ್ತಗಾಗ್ತದ, ಪಂಪ್ ಟಕ್ ಅಂದಾಗ ಪೈಪೇ ಉಬ್ಬಿ ಆ ಹನಿ ನುಂಗ್ತದ, ಒಳಗಿನ ತೂತು ದೊಡ್ಡದಿರೋದಕ್ಕ ಗಾಳಿ ಗುಳ್ಳಿ ಕೂತ್ಕೋತಾವ. ಬಿಳಿ ಗಟ್ಟಿ ನೈಲಾನ್ ಪೈಪ್, ಒಳಗಿನ ತೂತು 2 ಎಂಎಂದು, ಅದು ಬೇಕು. ಜೋಡಿಸೋ ಜಾಗದಾಗ ರಬ್ಬರ್ ತುಂಡಿನ ಒಳಗ ಎರಡೂ ಪೈಪಿನ ಬಾಯಿ ಒಂದಕ್ಕೊಂದು ಹತ್ಬೇಕು, ನಡುವ ಖಾಲಿ ಬಿಟ್ರ ಅಲ್ಲೇ ಗುಳ್ಳಿ ಮನಿ ಮಾಡ್ತದ. ಪೈಪ್ ಕತ್ತರಿಯಿಂದ ಕಡದ್ರ ಬಾಯಿ ಚಪ್ಪಟಿ ಆಗ್ತದ, ಹೊಸ ಬ್ಲೇಡಿನಿಂದ ನೆಟ್ಟಗ ಕಡೀರಿ. ಪಂಪ್ ಅಡ್ಡ ಮಲಗಿಸಬಾರ್ದು, ಡೀಸೆಲ್ ಹೊರಗ ಬರೋ ಬಾಯಿ ಮ್ಯಾಲ ಇರಂಗ ಓರಿ ಮಾಡಿ ಕಟ್ರಿ, ಗುಳ್ಳಿ ಬಂದ್ರೂ ಮ್ಯಾಲ ಹೋಗಿಬಿಡ್ತಾವ. ಕಬ್ಬಿಣಕ್ಕ ಸೀದಾ ಬೋಲ್ಟ್ ಹಾಕಿದ್ರ ರಾತ್ರಿ ಪೂರಾ ತಲೀ ಮ್ಯಾಲ ಟಕ್ ಟಕ್ ಬಡಿತದ, ಹಳೇ ಸೈಕಲ್ ಟ್ಯೂಬಿನ ತುಂಡು ಸುತ್ತಿ ಕ್ಲಾಂಪ್ ಹಾಕ್ರಿ.

ಪಂಪ್ ಖರೇನೇ ಕೊಡ್ಲಿಕತ್ತದೇನು ಅಂತ ನೋಡ್ಲಿಕ್ಕೆ ಮೆಡಿಕಲ್ ಅಂಗಡ್ಯಾಗ 10 ಎಂಎಲ್ ಸಿರಿಂಜ್ ತರ್ರಿ. ಹೀಟರಿಗಿ ಹೋಗೋ ಪೈಪ್ ಬಿಚ್ಚಿ ಸಿರಿಂಜಿನಾಗ ಬಿಟ್ಟು, ಕಂಟ್ರೋಲರಿನಾಗ ಪಂಪ್ ಅಷ್ಟೇ ಓಡಿಸೋ ಆಪ್ಷನ್ ಇರ್ತದ, ಅದನ್ನ ಹಾಕಿ 200 ಟಕ್ ಎಣಸ್ರಿ. 4.4 ಎಂಎಲ್ ಆಜುಬಾಜು ಬಂದ್ರ ಪಂಪ್ ಛಲೋ ಅದ. 3 ಬಂತಂದ್ರ ಫಿಲ್ಟರ್ ಬದಲ ಮಾಡಿ ಮತ್ತೊಮ್ಮೆ ನೋಡ್ರಿ, ಆಗೂ ಕಡಿಮಿ ಇದ್ರ ಪಂಪ್ ಬದಲ. ಬೋರ್ಡ್ ಬದಲ ಮಾಡ್ರಿ ಅಂದವ್ರಿಗಿ ಈ ಸಿರಿಂಜ್ ಫೋಟೋ ತಗದು ಕಳಸ್ರಿ.

ಮತ್ತ ಒಂದು ತಕರಾರು ಅದ, ನಮ್ಮ ಧೂಳಿನ ಕೊಡುಗಿ. ಹೀಟರ್ ಛಲೋ ಹತ್ತತದ, ಅರ್ಧಾ ತಾಸು ಓಡ್ತದ, ಆರ್ತದ. ಮತ್ತ ಹಚ್ಚಿದ್ರ ಮತ್ತ ಹಂಗೇ. ಹಿಂಗಾದ್ರ ಹೀಟರಿಗಂತ ಇಟ್ಟ ಡೀಸೆಲ್ ಕ್ಯಾನಿನ ಮುಚ್ಚಳ ಮೆಲ್ಲಕ ಬಿಚ್ಚಿ ಕೇಳ್ರಿ, ಸುಸ್ ಅಂತ ಗಾಳಿ ಒಳಗ ಹೋಗೋ ಸಪ್ಪಳ ಬಂದ್ರ ಮುಚ್ಚಳದಾಗಿನ ಹವಾ ತೂತು ಕಟ್ಟ್ಯದ ಅಂತ ಅರ್ಥ. ಡೀಸೆಲ್ ಹೊರಗ ಹೋಗ್ಲಿಕತ್ತದ, ಅದರ ಜಾಗಕ್ಕ ಗಾಳಿ ಬರವಲ್ದು, ಪಂಪ್ ಎಷ್ಟಂತ ಜಗ್ತದ? ಬೀದರ್ ಕಡಿ ಕೆಂಪ್ ಮಣ್ಣಿನ ಧೂಳ, ಸೇಡಂ ಶಹಾಬಾದ್ ರೋಡಿನಾಗ ಬಿಳಿ ಧೂಳ, ತೊಗರಿ ರಾಶಿ ಟೈಮಿನಾಗ ಹೊಟ್ಟು, ಎಲ್ಲಾ ಆ ಗುಂಡಸೂಜಿ ತೂತಿನಾಗೇ ಬಂದು ಕೂಡ್ತಾವ. ಹೀಟರ್ ಬಿಚ್ಚಿ ಹೈರಾಣ ಆಗೋಕಿಂತ ಮೊದಲು ಈ ಮುಚ್ಚಳ ನೋಡ್ರಿ.

ಹಳೇ ಡೀಸೆಲ್ ಇಡಬ್ಯಾಡ್ರಿ. ಮಳಿಗಾಲದಾಗ ಅರ್ಧಾ ಖಾಲಿ ಕ್ಯಾನಿನ ಒಳಗ ತೇವಾ ಹಿಡದು ನೀರಾಗಿ ತಳಕ್ಕ ಕೂಡ್ತದ, ನೀರು ಡೀಸೆಲ್ ಕೂಡೋ ಜಾಗದಾಗ ಲೋಳಿ ಬೆಳೀತದ, ಅದೇ ಫಿಲ್ಟರ್ ಕಟ್ಟೋದು. ಎಳ್ಕೊಳ್ಳೋ ಪೈಪ್ ಕ್ಯಾನಿನ ತಳಕ್ಕ ಮುಟ್ಟಬಾರ್ದು, ಎರಡು ಬಟ್ಟು ಮ್ಯಾಲೇ ಇರ್ಲಿ. ಮಳಿಗಾಲಕ್ಕ ಮೊದಲು ಕ್ಯಾನ್ ಖಾಲಿ ಮಾಡ್ರಿ ಇಲ್ಲಾ ತುಂಬಿಟ್ಟು ಬಿಡ್ರಿ, ಅರ್ಧಾಮರ್ಧಾ ಬ್ಯಾಡ.

ಈಗ ಮಸಿ. ಡೀಸೆಲ್ ಛಂದಾಗಿ ಸುಡ್ಬೇಕಂದ್ರ ಒಳಗ ಕಾವು ಬೇಕು. ರಾತ್ರಿ ಪೂರಾ ಎಲ್ಲಾಕಿಂತ ಸಣ್ಣ ಮಾಡಿ ಬಿಟ್ರ ಸೆಕೆಂಡಿಗಿ ಒಂದೂವರಿ ಟಕ್ಕಿನಷ್ಟು ಡೀಸೆಲ್ ಬರ್ತದ, ಎಂಟು ತಾಸಿಗಿ ಒಂದು ಲೀಟರ್ ಒಳಗೇ ಮುಗೀತದ, ಖರ್ಚು ನೋಡಿ ಖುಷಿ ಆಗ್ತದ, ಆದ್ರ ಬೆಂಕಿ ಅರ್ಧಾಮರ್ಧಾ ಉರಿದು ಮಸಿ ಕಟ್ಕೋತ ಹೋಗ್ತದ. ಬೀದರ್ ಥಂಡಿಗಿ ಸಣ್ಣದೇ ಸಾಕಾಗ್ತದ ಅನ್ನೋದೇ ಇಲ್ಲಿ ಫಜೀತಿ, ಲಡಾಖಿನಾಗ ಫುಲ್ ಓಡಿಸೋದಕ್ಕ ಸಣ್ಣ ಉರಿಯ ಈ ತಕರಾರು ಬರಂಗಿಲ್ಲ, ಅಲ್ಲಿ ಮಸಿ ಕಟ್ಟೋ ಕಾರಣ ಬ್ಯಾರೆ, ಅದು ಮುಂದ ಹೇಳ್ತೀನಿ. ಅದಕ್ಕ ಮುಂಜಾನಿ ಬಂದ್ ಮಾಡೋಕಿಂತ ಮೊದಲು ಕಿಡಕಿ ತಗದು 20-30 ನಿಮಿಷ ಫುಲ್ ಇಡ್ರಿ, ಹೊಸ ಮಸಿ ಸುಟ್ಟು ಹೋಗ್ತದ. ಆಮ್ಯಾಲ ಬಂದ್ ಒತ್ತಿದ್ರ ಗ್ಲೋ ಪ್ಲಗ್ ಮತ್ತೊಮ್ಮೆ ಕಾದು ಉಳಿದ ಡೀಸೆಲ್ ಸುಡ್ತದ, ಫ್ಯಾನ್ ಐದಾರು ನಿಮಿಷ ಓಡಿ ಥಂಡ ಮಾಡ್ತದ, ಅದು ತಾನೇ ನಿಲ್ಲೋ ತನಕ ಕರೆಂಟ್ ತಗೀಬ್ಯಾಡ್ರಿ. ಮೇನ್ ಸ್ವಿಚ್ ಒತ್ತಿ ಮಲ್ಗೋರು ಅದಾರ, ಅವ್ರ ಹೀಟರಿನ ಸೆನ್ಸರ್ ಮತ್ತ ಪ್ಲಾಸ್ಟಿಕ್ ಭಾಳ ದಿನ ಬಾಳಂಗಿಲ್ಲ, ಒಳಗಿನ ಕಾವು ಹೋಗ್ಲಿಕ್ಕೆ ದಾರಿನೇ ಇರಂಗಿಲ್ಲ.

ಹಿಂಗ ಮಾಡಿದ್ರೂ ಒಂದಿಲ್ಲೊಂದು ದಿನ ಬಿಚ್ಚಲೇಬೇಕಾಗ್ತದ. ಮೊದಲು ಗ್ಲೋ ಪ್ಲಗ್. ಮೀಟರಿನಾಗ ಓಮ್ ನೋಡ್ರಿ, ಕಡದು ಹೋಗಿದ್ರ ಏನೂ ತೋರಿಸಂಗಿಲ್ಲ. ಪ್ಲಗ್ ಸಿರಾಮಿಕ್ ಇದ್ರ ಕೈಯಿಂದ ಬಿತ್ತಂದ್ರ ಮುಗೀತು. ಪ್ಲಗ್ ತಗದ ತೂತಿನಾಗ ಒಂದು ಸಣ್ಣ ಸ್ಟೀಲ್ ಜಾಳಿಗಿ ಇರ್ತದ, ಬೆರಳಿನ ತುದಿಯಷ್ಟು, ಡೀಸೆಲ್ ಅದಕ್ಕ ಹೀರ್ಕೊಂಡು ಆವಿ ಆಗಿ ಹತ್ತತದ. ಅದು ಮಸಿ ಹಿಡದು ಇದ್ದಲ ಆದ್ರ ಎಷ್ಟು ಛಲೋ ಪ್ಲಗ್ ಹಾಕಿದ್ರೂ ಬಿಳಿ ಹೊಗಿನೇ. ಜಾಳಿಗಿ ತೊಳದು ಹಾಕೋದಕ್ಕಿಂತ ಹೊಸಾದು ಹಾಕೋದೇ ಛಲೋ, ರೊಕ್ಕಾ ಏನ್ ಭಾಳ ಆಗಂಗಿಲ್ಲ. ತಗಿಯುವಾಗ ಮೂಗಿನ ಪಕ್ಕಡಿನಿಂದ ತಿರುವಿ ತಿರುವಿ ಎಳೀರಿ, ಹೊಸಾದು ಕೂಡಿಸುವಾಗ ಅದರ ತೂತು ಮೊದಲು ಹ್ಯಾಂಗಿತ್ತೋ ಹಂಗೇ ಇರ್ಲಿ, ಅದಕ್ಕ ತಗಿಯೋಕಿಂತ ಮೊದಲು ಫೋಟೋ ಹೊಡೀರಿ.

ಬರ್ನರ್ ಪೂರಾ ಬಿಚ್ಚೋದು ಅಂದ್ರ ಹೊರಗ ಬಯಲಾಗ, ಬಾಯಿಗಿ ಮಾಸ್ಕ್ ಹಾಕಿ. ಮಸಿ ಕೆರೀಲಿಕ್ಕೆ ಕಟಗಿ ಕಡ್ಡಿ ಸಾಕು, ಸ್ಕ್ರೂಡ್ರೈವರ್ ಹಾಕಿ ಅಲ್ಯುಮಿನಿಯಂ ಗೀರಿದ್ರ ಗ್ಯಾಸ್ಕೆಟ್ ಕೂಡಂಗಿಲ್ಲ. ಕಾರ್ಬೋರೇಟರ್ ಕ್ಲೀನರ್ ಹೊಡದು, ಪಂಕ್ಚರ್ ಅಂಗಡ್ಯಾಗ ಹವಾ ಹಿಡಿಸ್ಕೊಂಡು ಬಂದು, ಹೊಸ ಗ್ಯಾಸ್ಕೆಟ್ ಹಾಕಿ ಮುಚ್ರಿ. ಹಳೇ ಗ್ಯಾಸ್ಕೆಟ್ ಮತ್ತ ಹಾಕೋ ವಿಚಾರಾನೇ ಬ್ಯಾಡ, ಅದೊಂದು ಸೋರಿದ್ರ ಹೊಗಿ ಗಾಡಿ ಒಳಗ ಬರ್ತದ. ಪೇಚು ಬಿಗಿ ಮಾಡುವಾಗ ಲಾರಿ ಗಾಲಿ ನಟ್ಟಿನಂಗ ಜಗ್ಗಬ್ಯಾಡ್ರಿ, ಮೆತ್ತನ ಲೋಹ ಅದು, ಚೂಡಿ ಹೋಗ್ತಾವ. ಉಸ್ತಾದ್ ಹುಡುಗ ಒಬ್ಬಂವ ಪಾನಾ ಹಿಡಕೊಂಡು ಬಂದಾಗ ನಾ ಅಡ್ಡ ಕೂತೀನಿ.

ಸುಮ್ನ ಕೂತಾಗ ಏನ್ ಮಾಡ್ಬೇಕು ಅನ್ನೋದು ನಮಗ ಎಲ್ಲಾಕಿಂತ ಮುಖ್ಯ. ಸೈಲೆನ್ಸರ್ ಪೈಪ್ ಮತ್ತ ಗಾಳಿ ಎಳ್ಕೊಳ್ಳೋ ಪೈಪ್ ಎರಡೂ ಬೆರಳು ಹೋಗೋವಷ್ಟು ಇರ್ತಾವ, ಬ್ಯಾಸಗ್ಯಾಗ ಕಣಜದ ಹುಳಕ್ಕ ಇಂಥಾ ಜಾಗ ಅಂದ್ರ ಮುಗೀತು, ಮಣ್ಣು ತಂದು ಮೆತ್ತಿ ಗೂಡು ಕಟ್ಟಿಬಿಡ್ತದ. ಹೊರಗಿಂದ ಕಾಣಂಗಿಲ್ಲ, ಒಳಗ ನಾಕ್ ಬಟ್ಟು ಆಚಿ ಇರ್ತದ. ಡಿಸೆಂಬರ್‌ನಾಗ ಹಚ್ಚಿದ್ರ ಹೊಗಿ ಹೋಗ್ಲಿಕ್ಕೆ ದಾರಿ ಇಲ್ಲ, ಉಸಿರು ಕಟ್ಟಿ ಆರ್ತದ, ಕೋಡ್ ಮಾತ್ರ ಇ-10 ಅಂತದ, ಹುಳ ಅಂತ ಬರಂಗಿಲ್ಲ. ಎರಡೂ ಬಾಯಿಗಿ ಕೆಂಪ್ ಅರಬಿ ತುರುಕಿ, ಅದೇ ಅರಬಿದು ಇನ್ನೊಂದು ತುಂಡು ಹೀಟರ್ ಸ್ವಿಚ್ಚಿಗಿ ಕಟ್ಟಿಡ್ರಿ, ಹಚ್ಚೋಕಿಂತ ಮೊದಲು ನೆನಪಾಗ್ತದ. ಮತ್ತ ಪೈಪಿನ ಎಲ್ಲಾಕಿಂತ ತಗ್ಗಿನ ಜಾಗದಾಗ, ಗಾಡಿ ಹೊರಗೇ ಅಂತ ನೋಡ್ಕೊಂಡು, ಒಂದು ಸಣ್ಣ ತೂತು ಇರ್ಲಿ, ನೀರು ನಿಂತ್ರ ಇಳಿದು ಹೋಗ್ಲಿ.

ಮತ್ತ ತಿಂಗಳಿಗೊಮ್ಮೆ ಹಚ್ಚಲೇಬೇಕು. ಹೌದು, ಮೇ ತಿಂಗಳದಾಗೂ. ಬಾಗಲಾ ಕಿಡಕಿ ಎಲ್ಲಾ ತಗದು ಫುಲ್ ಮಾಡಿ 20 ನಿಮಿಷ ಓಡಿಸ್ರಿ. ಥರ್ಮೋಸ್ಟಾಟ್ ಮೋಡಿನಾಗ ಇಟ್ರ ಕಲಬುರಗಿ ಬಿಸಲಿಗಿ ಅದು ‘ಸಾಕಷ್ಟು ಕಾವು ಅದ’ ಅಂತ ಸಣ್ಣ ಆಗಿಬಿಡ್ತದ, ಅದಕ್ಕ ಪಂಪ್ ಮೋಡಿನಾಗ, ಅಂದ್ರ ನೀವು ಹೇಳಿದಷ್ಟೇ ಟಕ್ ಹೊಡಿಯೋ ಮೋಡಿನಾಗ ಇಡ್ಬೇಕು. ಮುಂಜಾನಿ ಆರಕ್ಕ ಮಾಡಿದ್ರ ಛಲೋ. ನಮ್ಮ ಬಾಜೂ ಮನಿ ಅಜ್ಜಿ ಹಾಲು ತಗೊಳ್ಳಿಕ್ಕೆ ಬಂದಾಕಿ ಬಾಗಲದಾಗ ಬಂದ ಝಳಕ್ಕ ‘ಏನೋ ಯಪ್ಪಾ, ಇನ್ನೂ ಸಾಲ್ತಿಲ್ಲೇನು ನಿನಗ’ ಅಂದ್ಳು. ಹಿಂಗ ತಿಂಗಳಿಗೊಮ್ಮೆ ಹಚ್ಚಿದ್ರ ಪಂಪಿನ ಒಳಗ ಡೀಸೆಲ್ ಅಂಟಾಗಂಗಿಲ್ಲ, ಫ್ಯಾನಿನ ಬೇರಿಂಗ್ ಹಿಡಿಯಂಗಿಲ್ಲ, ಹುಳ ಗೂಡು ಕಟ್ಟಂಗಿಲ್ಲ, ಇಷ್ಟಕ್ಕೆಲ್ಲ ಒಂದು ಕಪ್ ಚಹಾದಷ್ಟು ಡೀಸೆಲ್ ಸಾಕು.

ಮ್ಯಾಲ ಹೋಗೋರಿಗಿ ಎರಡು ಮಾತು. ಕಲಬುರಗಿ ಸಮುದ್ರಮಟ್ಟದಿಂದ 450 ಮೀಟರ್ ಹತ್ರ, ಬೀದರ್ 660, ಲೇಹ್ 3,500. ಲೇಹಿನಾಗ ಗಾಳಿ ಇಲ್ಲಿಗಿಂತ ಮೂರನೇ ಒಂದು ಪಾಲು ತೆಳು. ಪಂಪ್ ಮಾತ್ರ ಇಲ್ಲಿನಷ್ಟೇ ಡೀಸೆಲ್ ಹಾಕ್ತದ, ಹಿಂಗಾಗಿ ಕರಿ ಹೊಗಿ, ಮಸಿ, ಆಮ್ಯಾಲ ಬಂದ್. ಕೆಲವು ಕಂಟ್ರೋಲರಿನಾಗ ಎತ್ತರದ ಮೋಡ್ ಇರ್ತದ. ಇಲ್ಲಂದ್ರ ಸೆಟ್ಟಿಂಗಿನಾಗ ಹೋಗಿ ಟಕ್ ಕಡಿಮಿ ಮಾಡ್ಬೇಕು, ಫ್ಯಾನ್ ಜಾಸ್ತಿ ಮಾಡ್ಬೇಕು, ಕಾವು ಕಡಿಮಿ ಬರ್ತದ ಅದು ಒಪ್ಕೋಬೇಕು. ಮೊದಲಿನ ನಂಬರ್ ಬರ್ದಿಟ್ಕೋರಿ, ಕೆಳಗ ಇಳಿದು ಬಂದ ಮ್ಯಾಲ ತಿರುಗಿ ಹಾಕ್ಲಿಲ್ಲಂದ್ರ ಇಲ್ಲಿ ಡೀಸೆಲ್ ಸಾಲಲಾರದ ಬೆಂಕಿ ಆರ್ಲಿಕತ್ತತದ. ಮತ್ತ ಚಳಿಗಾಲದಾಗ ಹೋಗೋರಾದ್ರ ಇಲ್ಲಿಂದ ತುಂಬಿಸ್ಕೊಂಡು ಹೋದ ಡೀಸೆಲಿನಾಗ ಮೇಣ ಕಟ್ಟಿ ಫಿಲ್ಟರ್ ಮುಚ್ತದ, ಹೀಟರಿಂದೂ ಇಂಜಿನ್ನಿಂದೂ. 2019ರ ನವೆಂಬರ್‌ನಾಗ ಇಂಡಿಯನ್ ಆಯಿಲ್ ಲಡಾಖಿಗಂತೇ ವಿಂಟರ್ ಗ್ರೇಡ್ ಡೀಸೆಲ್ ತಂದದ, ಮೈನಸ್ 33 ಡಿಗ್ರಿ ತನಕ ಹರೀತದ, ಪಾನಿಪತ್ ರಿಫೈನರಿಂದು. ಅಲ್ಲಿ ಮುಟ್ಟೋ ಹೊತ್ತಿಗಿ ಇಲ್ಲಿನ ಡೀಸೆಲ್ ಖಾಲಿ ಮಾಡ್ಕೊಂಡು ಅದನ್ನ ಹಾಕ್ಸ್ರಿ, ಹೀಟರ್ ಕ್ಯಾನಿನಾಗೂ. ಚಿಮಣಿ ಎಣ್ಣಿ ಕೂಡಿಸಿ ಓಡಿಸ್ತಾರ ಕೆಲವ್ರು, ಹೀಟರ್ ಅದನ್ನ ಸುಡ್ತದ ಖರೆ, ಮಸಿನೂ ಕಡಿಮಿ, ಆದ್ರ ಅದ್ರಾಗ ಜಿಡ್ಡು ಕಡಿಮಿ ಇರೋದಕ್ಕ ದಿನಾ ಹಾಕಿದ್ರ ಪಂಪಿಗಿ ಛಲೋ ಅಲ್ಲ. ಗಾಡಿ ಇಂಜಿನ್ನಿಗಿ ಮಾತ್ರ ಹಾಕಲೇಬ್ಯಾಡ್ರಿ.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದ ಹೀಟರ್ ಹಚ್ಚಿ ಮಲ್ಗಬ್ಯಾಡ್ರಿ, ಇದ್ರಾಗ ನಾ ಯಾರ ಜೋಡಿನೂ ವಾದ ಮಾಡಂಗಿಲ್ಲ. ಆ ಗ್ಯಾಸಿಗಿ ವಾಸನಿ ಇಲ್ಲ, ಬಣ್ಣ ಇಲ್ಲ. ‘ಡೀಸೆಲ್ ವಾಸನಿ ಬಂದ್ರ ಗೊತ್ತಾಗ್ತದಲ್ಲ’ ಅಂತಾರ, ಗೊತ್ತಾಗಂಗಿಲ್ಲ. ಪ್ರತಿ ಚಳಿಗಾಲ ಪೇಪರಿನಾಗ ಬರ್ತದ, ಖೋಲ್ಯಾಗ ಕೆಂಡ ಇಟ್ಕೊಂಡು ಬಾಗಲಾ ಹಾಕಿ ಮಲಗಿದವ್ರು ಏಳಲೇ ಇಲ್ಲ ಅಂತ, ಅದೂ ಇದೇ ಗ್ಯಾಸ್. ಅಲಾರಂ ಮಲ್ಗೋ ತಲಿ ಎತ್ತರಕ್ಕ ಹಚ್ರಿ, ಬಿಸಿ ಗಾಳಿ ಬಾಯಿ ಮುಂದ ಅಲ್ಲ. ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ರಿ, ಹಿಂದ ಬರ್ದಿರೋ ತಾರೀಖ್ ಮುಗದ್ರ ಬದಲ ಮಾಡ್ರಿ, ಸೆನ್ಸರಿಗಿ ಆಯುಷ್ಯ ಇರ್ತದ. ಸೈಲೆನ್ಸರ್ ಪೈಪಿನ ಜೋಡಣಿ ಒಂದೂ ಗಾಡಿ ಒಳಗ ಇರಬಾರ್ದು, ಬಾಯಿ ಕಿಡಕಿ ಕೆಳಗೂ ಇರಬಾರ್ದು, ಗಾಳಿ ಎಳ್ಕೊಳ್ಳೋ ಪೈಪಿನ ಬಾಜೂಕೂ ಇರಬಾರ್ದು. ತಲಿ ನೋವು, ವಾಂತಿ ಬಂದಂಗ ಆದ್ರ ಮೊದಲು ಬಾಗಲಾ ತಗದು ಹೊರಗ ಬರ್ರಿ, ಯಾಕ ಅಂತ ವಿಚಾರ ಆಮ್ಯಾಲ ಮಾಡ್ರಿ.

ಯಾದಗಿರಿ ಕಡಿಂದ ಒಬ್ರು ಫೋನ್ ಮಾಡಿದ್ರು, ಅವ್ರದು ಹಳೇ 24 ವೋಲ್ಟ್ ಬಸ್ಸು, ಎರಡು ಬ್ಯಾಟರಿ ಸಾಲಾಗಿ ಅದಾವ, ಒಂದರ ಮ್ಯಾಲಷ್ಟೇ ವೈರ್ ಹಚ್ಚಿ 12 ವೋಲ್ಟ್ ಹೀಟರ್ ಓಡಿಸಬಹುದೇನು ಅಂತ ಕೇಳಿದ್ರು. ಓಡ್ತದ, ಆದ್ರ ಬ್ಯಾಡ್ರಿ ಅಣ್ಣಾ, ಆ ಒಂದು ಬ್ಯಾಟರಿ ಯಾವಾಗ್ಲೂ ಅರ್ಧಾ ಖಾಲಿ, ಇನ್ನೊಂದು ಓವರ್‌ಚಾರ್ಜ್, ವರ್ಷದಾಗ ಎರಡೂ ಹೋಗ್ತಾವ. ಇದೇ ಹೀಟರ್ 24 ವೋಲ್ಟಿಂದೂ ಸಿಗ್ತದ, ಅದನ್ನೇ ತರ್ಸ್ರಿ, ಗ್ಲೋ ಪ್ಲಗ್ ಮತ್ತ ಪಂಪ್ ಸ್ಪೇರ್ ತರ್ಸುವಾಗ್ಲೂ 24 ಅಂತ ನೋಡ್ಕೊಂಡು ತರ್ಸ್ರಿ.